ಅರ್ಬುದದ ಅಳತೆ

ಔಷಧೋಪಚಾರ ನಡೆದ ಕೆಲವು ವಾರಗಳ ತರುವಾಯ ವೈದ್ಯರು ‘ಗಡ್ಡೆ ಶೇಕಡ 30ರಷ್ಟು ಕುಗ್ಗಿದೆ’ ಎಂದಾಗ, ರೋಗಿಯ ಮನೆಯವರ ಆಶೆಯೆಲ್ಲವೂ ಆ ಒಂದು ಅಂಕೆಯನ್ನೇ ಆಶ್ರಯಿಸಿ ನಿಲ್ಲುತ್ತದೆ. ಆದರೆ ಅದು ಯಾವುದರ ಅಳತೆ, ಯಾವುದಕ್ಕೆ ಹೋಲಿಸಿದ ಅಳತೆ ಎಂಬುದನ್ನು ಅವರಿಗೆ ಬಿಡಿಸಿ ಹೇಳುವವರು ವಿರಳ.

ಸಿ.ಟಿ. ಯಂತ್ರವು ಬಳಕೆಗೆ ಬರುವುದಕ್ಕೆ ಮುನ್ನ ಎಷ್ಟೋ ಗಡ್ಡೆಗಳನ್ನು ಚರ್ಮದ ಮೇಲಿನಿಂದ ಬೆರಳಿನಿಂದ ಒತ್ತಿ ನೋಡಿಯೇ ಅಳೆಯಬೇಕಾಗಿತ್ತು. ಇಂತಹ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಪರೀಕ್ಷಿಸಲು ಅಮೆರಿಕದ ಮೊರ್ಟೆಲ್ ಮತ್ತು ಹ್ಯಾನ್ಲಿ ಎಂಬವರು ಮೆತ್ತನೆಯ ಹಾಸಿನ ಮೇಲೆ 12 ಗಟ್ಟಿ ಗುಂಡುಗಳನ್ನಿರಿಸಿ, ಅವುಗಳ ಮೇಲೆ ಫೋಮ್ ರಬ್ಬರಿನ ಹೊದಿಕೆಯನ್ನು ಹರಡಿ, ಅನುಭವಿಗಳಾದ 16 ಮಂದಿ ತಜ್ಞರಿಂದ ಅವನ್ನು ಅಳೆಯಿಸಿದರು. ಒಂದೇ ಗಾತ್ರದ ಗುಂಡುಗಳ ನಡುವೆಯೂ ಕಾಲುಭಾಗದಷ್ಟು ವ್ಯತ್ಯಾಸವು ಪದೇಪದೇ ಕಂಡುಬಂದಿತು. ಅರ್ಧದಷ್ಟು ವ್ಯತ್ಯಾಸವಾದರೋ ಅಪರೂಪವಾಗಿತ್ತು. 1976ರಲ್ಲಿ ಪ್ರಕಟವಾದ ಈ ಪ್ರಯೋಗವು, ಔಷಧದ ಗುಣವನ್ನು ಅಳೆಯುವವನು ಮೊದಲು ತನ್ನ ಕೈಯ ದೋಷವನ್ನು ಅಳೆದುಕೊಳ್ಳಬೇಕೆಂಬುದನ್ನು ತೋರಿಸಿಕೊಟ್ಟದ್ದರಿಂದ ನನಗೆ ಅತ್ಯಂತ ಗೌರವಾರ್ಹವೆನಿಸುತ್ತದೆ. 1979ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಗಡ್ಡೆಯ ಉದ್ದಗಲಗಳ ಗುಣಲಬ್ಧವು ಅರ್ಧಕ್ಕಿಳಿದರೆ ಅದನ್ನು ಭಾಗಶಃ ಫಲವೆಂದು ಎಣಿಸತಕ್ಕದ್ದೆಂದು ವಿಧಿಸಿತು.

ಈಗ ಬಳಕೆಯಲ್ಲಿರುವುದು 2000ದಲ್ಲಿ ಹೊರಬಂದು 2009ರಲ್ಲಿ ಪರಿಷ್ಕೃತವಾದ ‘ರೆಸಿಸ್ಟ್’ ಎಂಬ ನಿಯಮಾವಳಿ. ಇದರಂತೆ ವಿಕಿರಣತಜ್ಞರು ಸಿ.ಟಿ. ಚಿತ್ರದಲ್ಲಿ ಗಡ್ಡೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅತಿ ಉದ್ದವಾದ ಗೆರೆಯನ್ನೆಳೆದು ಮಿಲಿಮೀಟರಿನಲ್ಲಿ ಗುರುತಿಸುತ್ತಾರೆ. ಹೀಗೆ ಒಂದು ಅಂಗದಲ್ಲಿ ಎರಡನ್ನು ಮೀರದಂತೆ, ಒಟ್ಟು ಐದು ಗಡ್ಡೆಗಳವರೆಗೆ ಆರಿಸಿ ಆ ಗೆರೆಗಳ ಮೊತ್ತವನ್ನು ಕಟ್ಟುತ್ತಾರೆ. ದುಗ್ಧಗ್ರಂಥಿಗಳಲ್ಲಿ ಮಾತ್ರ ಅಗಲವನ್ನು ಹಿಡಿಯುವುದು ವಾಡಿಕೆ. ಮೊತ್ತವು ಶೇಕಡ 30ರಷ್ಟಾದರೂ ಇಳಿದರೆ ಭಾಗಶಃ ಫಲ. ಈ ಅಂಕೆಯನ್ನು ಕೇಳಿ ‘ಇಷ್ಟೇಯೆ?’ ಎಂದು ಕುಗ್ಗುವವರು ಸ್ವಲ್ಪ ಗಣಿತವನ್ನು ನೋಡಬೇಕು: 50 ಮಿಲಿಮೀಟರ್ ವ್ಯಾಸದ ದುಂಡನೆಯ ಗಡ್ಡೆ 35ಕ್ಕೆ ಇಳಿದರೆ, ಅದರ ಘನಗಾತ್ರದಲ್ಲಿ ಉಳಿಯುವುದು ಸರಿಸುಮಾರು ಮೂರರಲ್ಲೊಂದು ಪಾಲು ಮಾತ್ರ. ಆದರೆ ಇದೇ ಲೆಕ್ಕವು ಎದುರು ದಿಕ್ಕಿನಲ್ಲಿಯೂ ನಡೆಯುವುದಾಗಿ, ವ್ಯಾಸವು ಶೇಕಡ 20ರಷ್ಟು ಬೆಳೆದರೆ ಘನಗಾತ್ರವು ಶೇಕಡ 70ಕ್ಕೂ ಮಿಗಿಲಾಗಿ ಹೆಚ್ಚುತ್ತದೆ. ಗಡ್ಡೆ ಬೆಳೆದಿದೆಯೆಂದು ತೀರ್ಮಾನಿಸುವಾಗ ವ್ಯಾಸದ ಆ ಹೆಚ್ಚಳವನ್ನು ಹೋಲಿಸುವುದು ಚಿಕಿತ್ಸೆಯ ಆರಂಭದ ಅಳತೆಗಲ್ಲ, ಅದುವರೆಗೆ ಕಂಡ ಅತಿ ಚಿಕ್ಕ ಅಳತೆಗೆ.

ಗಾತ್ರವೊಂದೇ ಎಲ್ಲವನ್ನೂ ಹೇಳಲಾರದು. ಜಠರ ಮತ್ತು ಕರುಳಿನ ಒಂದು ಬಗೆಯ ಗಡ್ಡೆಯು ಇಮಾಟಿನಿಬ್ ಔಷಧಕ್ಕೆ ಸತ್ತು ಮೆತ್ತಗಾದ ಮೇಲೂ ಕುಗ್ಗದೆ ಇರಬಹುದು. ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ನೂತನ ಔಷಧಗಳಿಂದ ರಕ್ಷಕ ಕಣಗಳು ಗಡ್ಡೆಯೊಳಕ್ಕೆ ನುಗ್ಗಿ, ಅದು ಕೆಲವು ರೋಗಿಗಳಲ್ಲಿ ಕುಗ್ಗುವ ಮೊದಲು ಊದಿಕೊಳ್ಳುವುದೂ ಉಂಟು. ಇಂತಹ ಔಷಧಗಳ ಪ್ರಯೋಗಗಳಿಗಾಗಿ 2017ರಲ್ಲಿ ರಚಿತವಾದ ನಿಯಮವು, ಬೆಳೆದಂತೆ ಕಂಡದ್ದನ್ನು 4ರಿಂದ 8 ವಾರಗಳೊಳಗೆ ಮತ್ತೊಮ್ಮೆ ನೋಡಿ ಖಚಿತಪಡಿಸಿಕೊಳ್ಳಲು ಹೇಳುತ್ತದೆ.

ಹೋಲಿಕೆಯಿಲ್ಲದೆ ಈ ಯಾವ ಅಳತೆಗೂ ಅರ್ಥವಿಲ್ಲವಾದುದರಿಂದ, ರೋಗಿಯ ಮನೆಯವರು ಹಳೆಯ ಸಿ.ಟಿ. ಚಿತ್ರಗಳನ್ನೂ ಅವುಗಳ ಸಿ.ಡಿ.ಗಳನ್ನೂ ಜೋಪಾನವಾಗಿರಿಸಿ ಪ್ರತಿಯೊಂದು ತಪಾಸಣೆಗೂ ತಪ್ಪದೆ ಕೊಂಡೊಯ್ಯಬೇಕು. ಸಾಧ್ಯವಾದಲ್ಲಿ ಪ್ರತಿಸಲವೂ ಒಂದೇ ಕೇಂದ್ರದಲ್ಲಿ ಚಿತ್ರ ತೆಗೆಸಬೇಕು.