ಹೊಸಿಲು ದಾಟದ ಬಾಟ್ಲಿ

ದೊಡ್ಡಬಳ್ಳಾಪುರದ ರಸ್ತೆ ಬದಿ ದ್ರಾಕ್ಷಿ ಮಾರುತ್ತಿದ್ದ ಅಜ್ಜಿಯ ಬುಟ್ಟಿಯಿಂದ ಒಂದು ಹಣ್ಣು ಬಾಯಿಗೆ ಹಾಕಿಕೊಂಡ ನನ್ನ ಗೆಳತಿ ಅಲ್ಲೇ ನಿಂತುಬಿಟ್ಟಳು. "ಇದು ನಮ್ಮಜ್ಜಿ ಮನೆ ಹಿತ್ತಲಿನ ಹಣ್ಣು!" ಅಂದಳು. ಅವಳ ಊರು ಹಂಗೇರಿ. ಬೆಂಗಳೂರಿನ ನಮ್ಮ ಆಫೀಸಿಗೆ ಆರು ತಿಂಗಳ ಮಟ್ಟಿಗೆ ಬಂದಿದ್ದಳು. ನನಗೆ ನಗು ಬಂತು. ಬೆಂಗಳೂರು ಬ್ಲೂ ದ್ರಾಕ್ಷಿ ಹಂಗೇರಿ ಅಜ್ಜಿಯ ಹಿತ್ತಲಿಗೆ ಹೇಗೆ ಹೋಗುತ್ತೆ?

ಹೋಗುವುದೇನು, ಇಬ್ಬರ ಹಿತ್ತಲಿಗೂ ಅದು ಹೊರಗಿನಿಂದಲೇ ಬಂದದ್ದು. ಮೂಲ ಅಮೆರಿಕದ್ದು. ಅಲ್ಲಿ ಅದರ ಹೆಸರು ಇಸಬೆಲ್ಲಾ, ಹಂಗೇರಿಯವರ ಬಾಯಲ್ಲಿ ಇಜಬೆಲ್ಲಾ. ಒತ್ತಿದರೆ ಸಿಪ್ಪೆ ಜಾರಿ ಬರುತ್ತೆ, ಒಳಗೆ ಲೋಳೆ ತಿರುಳು, ಮೂಗಿಗೆ ಹೊಡೆಯುವ ಘಮ. ಬೂಜುರೋಗಕ್ಕೆ ಅಷ್ಟಾಗಿ ಬಗ್ಗದ ಗಟ್ಟಿ ಬಳ್ಳಿ ಅಂತ ಯುರೋಪಿನ ಹಳ್ಳಿಗಳಲ್ಲಿ ಮನೆ ಚಪ್ಪರಕ್ಕೆ ಹಬ್ಬಿಸಿಕೊಂಡರು. ಆದರೆ ಅದರಿಂದ ವೈನ್ ಮಾಡಿ ಮಾರುವಂತಿಲ್ಲ ಅನ್ನುವುದು ಐರೋಪ್ಯ ಒಕ್ಕೂಟದ ನಿಯಮ. ನಮ್ಮಲ್ಲಿ ಅದೇ ಹಣ್ಣಿಗೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದೆ. ತಿನ್ನೋಕೆ, ಜ್ಯೂಸಿಗೆ, ಅಂಗಡಿಯ ಸಿಹಿ ಪೋರ್ಟ್ ವೈನಿಗೆ ಅದೇ ಬೇಕು.

ಅವತ್ತು ನಾವು ಹೊರಟಿದ್ದು ನಂದಿಬೆಟ್ಟದ ತಪ್ಪಲಿನ ಗ್ರೋವರ್ ಜಂಪಾ ವೈನರಿ ನೋಡೋಕೆ. ಕನ್ವಲ್ ಗ್ರೋವರ್ 1988ರಲ್ಲಿ ಇಲ್ಲಿ ಫ್ರೆಂಚ್ ತಳಿಗಳನ್ನು ನೆಟ್ಟಾಗ ಈ ಸೀಮೆಯಲ್ಲಿ ದ್ರಾಕ್ಷಿ ಅಂದರೆ ತಿನ್ನುವ ಹಣ್ಣು, ಅಷ್ಟೇ. ಕ್ಯಾಬರ್ನೆ ಸೊವಿನ್ಯೊಂ, ಶಿರಾಜ್, ವಿಯೊನ್ಯೆ ಹೆಸರು ಹೇಳೋಕೇ ನಾಲಿಗೆ ತಿರುಗಲ್ಲ. ಹಣ್ಣುಗಳೋ ಸಣ್ಣವು, ದಪ್ಪ ಸಿಪ್ಪೆ, ತುಂಬ ಬೀಜ. ಯಾರೂ ಕೊಂಡು ತಿನ್ನಲ್ಲ. ಆದರೆ ಕೆಂಪು ವೈನಿನ ಬಣ್ಣವೂ ಒಗರೂ ಇರೋದು ಆ ಸಿಪ್ಪೆಯಲ್ಲೇ.

ನನಗೆ ಅಲ್ಲಿ ಹಿಡಿಸಿದ್ದು ಪೀಪಾಯಿಗಳ ಸಾಲಿಗಿಂತ ಬಳ್ಳಿಯ ಕಥೆ. ಹಂಗೇರಿಯಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗಿಬಿಡುತ್ತೆ, ವಸಂತದಲ್ಲಿ ಏಳುತ್ತೆ. ನಮ್ಮ ಹವೆಯಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ. ಬೇಸಿಗೆಯಲ್ಲಿ ಒಮ್ಮೆ ರೆಂಬೆ ಬರಿಸೋಕೆ, ಮಳೆ ಮುಗಿಯುವ ಹೊತ್ತಿಗೆ ಇನ್ನೊಮ್ಮೆ ಹಣ್ಣು ಬಿಡಿಸೋಕೆ. ಅವರು ಆಗಸ್ಟ್‌ನಿಂದ ನವೆಂಬರ್‌ವರೆಗೆ ಕೊಯ್ದರೆ ನಾವು ಜನವರಿಯಿಂದ ಮಾರ್ಚ್‌ವರೆಗೆ. ನಾವು ಹೋದಾಗ ಜನವರಿ ಕೊನೆ. ಬಿಳಿ ದ್ರಾಕ್ಷಿ ಆಗಲೇ ಹಣ್ಣಾಗಿತ್ತು.

ರುಚಿ ನೋಡುವ ಮೇಜಿನಲ್ಲಿ ನಾನು ಬಾಯಿ ಮುಕ್ಕಳಿಸಿ ಉಗುಳಿದೆ. ಗಾಡಿ ಓಡಿಸಬೇಕಿತ್ತಲ್ಲ. ಅಲ್ಲಿ ಅದು ಅವಮಾನವಲ್ಲ, ಪದ್ಧತಿ. ಮೂರು ಬಾಟ್ಲಿ ಕೊಂಡೆವು: ವಿಯೊನ್ಯೆ, ಶಿರಾಜ್ ರೋಸೆ, ಮತ್ತೆ ಅವರ ಹೆಸರಾಂತ 'ಲಾ ರಿಸರ್ವ್'. ಇದು ಕ್ಯಾಬರ್ನೆ, ಶಿರಾಜ್ ಬೆರೆಸಿ ಓಕ್ ಪೀಪಾಯಿಯಲ್ಲಿ ಇಟ್ಟದ್ದು. "ನಿಮ್ಮೂರಿನ ಊಟದ ಜೊತೆ ನೋಡೋಣ" ಅಂತ ಗೆಳತಿ ಕೂತಲ್ಲೇ ತೀರ್ಮಾನ ಮಾಡಿದಳು. ಅವಳ ಬ್ಯಾಗಿನಲ್ಲಿ ತವರಿನಿಂದ ತಂದ ಅರ್ಧ ಲೀಟರಿನ ಟೊಕಾಯಿ ಅಸೂ ಬೇರೆ ಇತ್ತು.

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ. ಹೊಗೆಸೊಪ್ಪಿನ ಸೀಮೆ. ನಮ್ಮ ಮನೆಗೆ ಬಾಟ್ಲಿ ಒಯ್ಯೋದು ಅಂದರೆ ಸುಮ್ಮನೆ ಮಾತಲ್ಲ. ನಡುಮನೆ ಗೋಡೆಯ ಮೇಲೆ ದೊಡ್ಡಪ್ಪನ ಫೋಟೋ ಇದೆ. ಪ್ಯಾಕೆಟ್ ಸಾರಾಯಿಗೆ ಹೋದವರು. ನಲವತ್ತೂ ತುಂಬಿರಲಿಲ್ಲ. 2007ರ ಜುಲೈ 1ರಿಂದ ಸಾರಾಯಿ ಬಂದ್ ಆದಾಗ ದೊಡ್ಡವ್ವ ದೇವರಿಗೆ ಕಾಯಿ ಒಡೆಸಿದ್ದು ನನಗೆ ನೆನಪಿದೆ. ಅದೇ ವರ್ಷವೇ ನಮ್ಮ ಸರ್ಕಾರ ದ್ರಾಕ್ಷಿ ಬೆಳೆಗಾರರಿಗೆ ಅನುಕೂಲ ಆಗಲಿ ಅಂತ ವೈನ್ ನೀತಿಯನ್ನೂ ತಂದಿತು ಅನ್ನೋದು ಗೊತ್ತಾಗಿದ್ದು ಎಷ್ಟೋ ಆಮೇಲೆ. ಇವೆರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳೋಕೆ ನನಗಿನ್ನೂ ಬರಲ್ಲ.

ಮುಚ್ಚಿಟ್ಟುಕೊಂಡು ಹೋಗಲಿಲ್ಲ. ಫೋನಲ್ಲೇ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಹುಡ್ಗಿಗೆ ಅಡ್ಗೆ ಮಾಡ್ತೀನಿ. ಬಾಟ್ಲಿ ಮಾತ್ರ ಹೊಸ್ಲು ದಾಟಂಗಿಲ್ಲ ನೋಡವ್ವ" ಅಂದಳು.

ಹಾಗಾಗಿ ನಮ್ಮ ಊಟ ನಡೆದಿದ್ದು ಬ್ಯಾರನ್ ಮುಂದಿನ ಕಲ್ಲುಚಪ್ಪಡಿ ಮೇಲೆ. ಸೊಪ್ಪು ಬೇಯಿಸಿ ಮುಗಿದು ತಿಂಗಳುಗಳಾಗಿತ್ತು, ಆದರೂ ಗೋಡೆಯಿಂದ ವಾಸನೆ ಹೋಗಿರಲಿಲ್ಲ. ತಮ್ಮ ಮನೆಯಿಂದ ಪಾತ್ರೆ ಹೊತ್ತು ತಂದ. ರಾಗಿಮುದ್ದೆ, ನಾಟಿಕೋಳಿ ಸಾರು, ಹಿತಕಿದ ಅವರೆಬೇಳೆ ಸಾರು, ಒಬ್ಬಟ್ಟು. ಲೋಟಗಳು ಸ್ಟೀಲಿನವು. ವೈನಿನ ಗ್ಲಾಸಿಲ್ಲ ಅಂತ ಗೆಳತಿ ಬೇಜಾರು ಮಾಡಿಕೊಳ್ಳಲಿಲ್ಲ.

ಮೊದಲ ಪೆಟ್ಟು ತಿಂದಿದ್ದು ನಾನೇ. ಬೆಲೆ ಜಾಸ್ತಿ ಇರೋದೇ ಕೋಳಿಸಾರಿಗೆ ಸರಿ ಅಂತ ಲಾ ರಿಸರ್ವ್ ಬಗ್ಗಿಸಿದೆ. ಒಂದು ಗುಟುಕಿಗೆ ಬಾಯಿ ಉರಿದು ಹೋಯಿತು. ವೈನಿನ ತಪ್ಪಲ್ಲ, ನಮ್ಮ ಖಾರದ್ದು. ಕೆಂಪು ವೈನಿನ ಒಗರು ಮೆಣಸಿನಕಾಯಿ ಖಾರಕ್ಕೆ ಸಿಕ್ಕರೆ ಇನ್ನೂ ಒರಟಾಗುತ್ತೆ, ಆಲ್ಕೋಹಾಲ್ ಆ ಉರಿಗೆ ಗಾಳಿ ಹಾಕುತ್ತೆ. ಅದನ್ನು ಪಕ್ಕದ ಕೊಡಗಿನ ಪಂದಿಕರಿಗೆ ಎತ್ತಿಡಬೇಕಿತ್ತು. ಅಲ್ಲಿ ಖಾರ ಕರಿಮೆಣಸಿನದು, ಹುಳಿ ಕಾಚಂಪುಳಿಯದು, ಜೊತೆಗೆ ಒಗರನ್ನು ತಡೆಯೋ ಕೊಬ್ಬು. ಶಿರಾಜ್‌ಗೆ ಕರಿಮೆಣಸಿನ ಘಮ ಇರುತ್ತೆ ಅನ್ನೋದು ಬರೀ ವರ್ಣನೆಯೂ ಅಲ್ಲ. ರೋಟಂಡೋನ್ ಅನ್ನುವ ಒಂದೇ ವಸ್ತು ಎರಡರಲ್ಲೂ ಇದೆ.

"ನಮ್ಮಲ್ಲೂ ಇದೇ ಕಷ್ಟ" ಅಂದಳು ಗೆಳತಿ. ಅವರ ಗುಯಾಶ್‌ಗೆ ಪಾಪ್ರಿಕಾ ಪುಡಿ ಸುರಿಯುತ್ತಾರೆ. ನಮ್ಮ ಬ್ಯಾಡಗಿ ಹಾಗೇ ಅದಕ್ಕೂ ಬಣ್ಣವೇ ಹೆಚ್ಚುಗಾರಿಕೆ. ಅದರ ಜೊತೆ ಅವರು ಕುಡಿಯೋದು ಕಾದಾರ್ಕಾ, ಕೇಕ್‌ಫ್ರಾಂಕೋಶ್ ತರದ ಕೆಂಪು ವೈನ್. ಒಗರು ಕಮ್ಮಿ, ಹುಳಿ ಚುರುಕು. ಆ ಲೆಕ್ಕದಲ್ಲಿ ನಮ್ಮ ಹತ್ತಿರ ಇದ್ದಿದ್ದು ರೋಸೆ. ಐಸಿನ ಬಕೆಟ್‌ನಲ್ಲಿ ತಣ್ಣಗಾದ ಅದು ಕೋಳಿಸಾರಿನ ಜೊತೆ ಜಗಳ ಆಡಲಿಲ್ಲ. ಮುದ್ದೆ ನುಂಗಿದ ಮೇಲೆ ಗಂಟಲು ತೊಳೆದ ಹಾಗಾಯಿತು. ವಿಯೊನ್ಯೆಗೆ ಹುಳಿ ಕಮ್ಮಿ, ಮಾಗಿದ ಹಣ್ಣಿನ ಘಮ ಹೆಚ್ಚು. ಅದು ತೆಂಗಿನಕಾಯಿ ಅರೆದ ಹಿತಕಿದಬೇಳೆಗೆ ಕೂಡಿತು. ಸೊಗಡವರೆ ಇರುವ ಕಾಲದಲ್ಲಿ ಮಾತ್ರ ಸಿಗೋ ಜೋಡಿ ಇದು. ಹುಣಸೆ ಬಿದ್ದ ಬಸ್ಸಾರಿನ ಮುಂದೆ ಇದೇ ವೈನ್ ಸಪ್ಪೆ ಅನ್ನಿಸುತ್ತೆ. ಊಟ ಹುಳಿ ಇದ್ದರೆ ವೈನೂ ಅಷ್ಟೇ ಹುಳಿ ಇರಬೇಕು, ಅಲ್ಲಿಗೆ ಸೊವಿನ್ಯೊಂ ಬ್ಲಾಂಕ್ ಮೇಲು. ಒಂದು ಮಾತು, ನಮ್ಮ ಮನೆಗಳ ಸೆಕೆಗೆ ಕೆಂಪು ವೈನನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಟ್ಟೇ ತೆಗೆಯಿರಿ.

ಅಪ್ಪ ಕುಡಿಯಲ್ಲ. ಪಕ್ಕದಲ್ಲಿ ಕೂತು ಬಾಟ್ಲಿಯ ಚೀಟಿ ನೋಡುತ್ತಿದ್ದರು. "ದರ್ಜೆ ಯಾರು ಕಟ್ತಾರವ್ವ ಇದ್ಕೆ?" ಅಂದರು. ತಂಬಾಕು ಹರಾಜಿಗೆ ಬೇಲ್ ಹೊತ್ತವರ ಪ್ರಶ್ನೆ ಅದು. ದ್ರಾಕ್ಷಿಯ ಸಕ್ಕರೆ ಅಂಶವನ್ನು ಸಣ್ಣ ಕೊಳವೆಯಂಥ ಉಪಕರಣದಲ್ಲಿ ಒಂದು ಹನಿ ಹಾಕಿ ಅಳೆಯುತ್ತಾರೆ, 22–24 ಬ್ರಿಕ್ಸ್ ಬಂದರೆ ಕೊಯ್ಲು, ಆ ಸಕ್ಕರೆಯೇ ಹುದುಗಿ ಆಲ್ಕೋಹಾಲ್ ಆಗೋದು ಅಂದೆ. "ಅಂಗಾದ್ರೆ ಒಲ್ದಲ್ಲೇ ನಾವೇ ನೋಡ್ಬೋದು" ಅಂತ ಅದೊಂದನ್ನು ಮೆಚ್ಚಿಕೊಂಡರು.

ಕೊನೆಗೆ ಟೊಕಾಯಿ ತೆಗೆದೆವು. ಹಂಗೇರಿಯ ಈಶಾನ್ಯಕ್ಕೆ ಬೋದ್ರೋಗ್, ತಿಸಾ ಅಂತ ಎರಡು ಹೊಳೆ ಕೂಡೋ ಜಾಗ. ಶರತ್ಕಾಲದ ಬೆಳಗಿನ ಮಂಜಿಗೆ ಫುರ್ಮಿಂತ್, ಹಾರ್ಶ್‌ಲೆವೆಲ್ಯೂ ದ್ರಾಕ್ಷಿಗಳ ಮೇಲೆ ಒಂದು ಜಾತಿ ಬೂಜು ಹಿಡಿಯುತ್ತೆ. ಮಧ್ಯಾಹ್ನದ ಬಿಸಿಲಿಗೆ ಹಣ್ಣು ಬತ್ತಿ ಒಣದ್ರಾಕ್ಷಿ ಹಾಗಾಗುತ್ತೆ. ಆ ಹಣ್ಣನ್ನು ಒಂದೊಂದಾಗಿ ಕೈಯಲ್ಲೇ ಬಿಡಿಸಿ, ವೈನಿನಲ್ಲಿ ನೆನೆಸಿ, ಹಿಂಡಿ, ಪೀಪಾಯಿಯಲ್ಲಿ ಕನಿಷ್ಠ 18 ತಿಂಗಳು ಇಡುತ್ತಾರೆ. ಲೀಟರಿಗೆ 120 ಗ್ರಾಂ ಸಕ್ಕರೆಯಾದರೂ ಉಳಿದಿರಬೇಕು. ಆ ದೇಶದ ರಾಷ್ಟ್ರಗೀತೆಯಲ್ಲೂ ಟೊಕಾಯಿ ಹೆಸರಿದೆ.

ಅಪ್ಪನಿಗೆ ಬೇರೇನೂ ಕೇಳಿಸಲಿಲ್ಲ. "ಬೂಜು ಬಂದ ಬೆಳೆಗೆ ರೇಟ್ ಜಾಸ್ತಿನಾ? ನಮ್ ಬೇಲಲ್ಲಿ ಒಂದೆಲೆಗೆ ಬೂಜು ಕಂಡ್ರೆ ಸಾಕು, ಪಕ್ಕಕ್ಕೆ ತಳ್ತಾರಲ್ಲವ್ವ!" ಗೆಳತಿಗೆ ಅನುವಾದಿಸಿದೆ. ಅವಳು ನಕ್ಕಳು. ಅಪ್ಪ ನಗಲಿಲ್ಲ.

ಅಷ್ಟೊತ್ತಿಗೆ ಅವ್ವ ಬಿಸಿ ಒಬ್ಬಟ್ಟು ಹಿಡಿದು ಬಂದಳು. ಗೆಳತಿ ಲೋಟ ಎತ್ತಿ ಅವಳ ಭಾಷೆಯಲ್ಲಿ ಏನೋ ಹೇಳಿದಳು. "ಏನಂದ್ಲು?" ಅಂದಳು ಅವ್ವ. "ನಿಮ್ಮ ಆರೋಗ್ಯಕ್ಕೆ ಅಂತ" ಅಂದೆ, ತಕ್ಷಣ ನಾಲಿಗೆ ಕಚ್ಚಿಕೊಂಡೆ. "ಆರೋಗ್ಯಕ್ಕಾ? ಒಳ್ಗೆ ಬಂದು ನಿಮ್ ದೊಡ್ಡಪ್ಪನ್ ಮುಂದೆ ಹೇಳಕೆ ಹೇಳು." ನಾನು ಇದನ್ನೂ ಅನುವಾದಿಸಿದೆ, ದೊಡ್ಡಪ್ಪನ ವಿಷಯವನ್ನೂ ಹೇಳಿದೆ. ಗೆಳತಿ ಲೋಟ ಕೆಳಗಿಟ್ಟಳು. ಅವಳ ಅಜ್ಜನೂ ಹಾಗೇ ಹೋದವರಂತೆ. ಇಜಬೆಲ್ಲಾ ಚಪ್ಪರದ ಕೆಳಗೇ ಕುಡೀತಿದ್ದರಂತೆ. ಅದನ್ನು ಅವ್ವನಿಗೆ ಹೇಳಿದೆ. ಅವ್ವ ಒಬ್ಬಟ್ಟಿನ ತಟ್ಟೆ ಅವಳ ಕೈಗೆ ಕೊಟ್ಟು ಪಕ್ಕದಲ್ಲೇ ಕೂತಳು.

ಒಬ್ಬಟ್ಟು, ಅಸೂ ಎರಡೂ ಸಿಹಿ. ಮೊಕ ಹೊಡೆಯುತ್ತೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ, ವೈನಿನ ಹುಳಿ ಬೆಲ್ಲ ತುಪ್ಪದ ಭಾರವನ್ನು ಎತ್ತಿಬಿಟ್ಟಿತು. ಲೋಟವನ್ನು ಅವ್ವ ಒಂದು ಸಲ ಮೂಸಿದಳು. "ಜೇನ್ತುಪ್ಪ ಕೆಟ್ಟಂಗೆ" ಅಂದು ವಾಪಸ್ ಕೊಟ್ಟಳು. ಆ ಲೋಟಗಳು ಈಗಲೂ ಬ್ಯಾರನ್ ಗೂಡಿನಲ್ಲೇ ಇವೆ, ಮನೆಗೆ ಬಂದಿಲ್ಲ.

ಅಪ್ಪನಿಗೆ ಮಾತ್ರ ಒಂದು ಹುಳ ಹೊಕ್ಕಿತ್ತು. ನಮ್ಮಲ್ಲಿ ವೈನ್ ದ್ರಾಕ್ಷಿ ಬರುತ್ತಾ ಅಂತ ದಿನಾ ಫೋನು. ಹಣ್ಣಾಗುವಾಗ ಒಣ ಹವೆ ಬೇಕು, ಕೊಡಗಿನ ಕಡೆ ಮಳೆ ನಮಗೂ ಎರಚುತ್ತೆ, ಬೂಜುರೋಗಕ್ಕೆ ಔಷಧಿ ಹೊಡೆದೇ ಸಾಕಾಗುತ್ತೆ ಅಂದೆ. "ಆ ಅಜ್ಜಿ ಹಿತ್ಲಿಂದು?" ಅಂದರು. ಮುಂದಿನ ಸಲ ದೊಡ್ಡಬಳ್ಳಾಪುರದಿಂದ ಬೆಂಗಳೂರು ಬ್ಲೂ ಕಡ್ಡಿ ನಾಲ್ಕು ತಂದುಕೊಟ್ಟೆ. ಬ್ಯಾರನ್ ಪಕ್ಕ ಊರಿದ್ದಾರೆ, ಎರಡು ಚಿಗುರಿವೆ. ತಿನ್ನಕ್ಕೆ ಮಾತ್ರ ಅಂತ ಅವ್ವನ ಹತ್ತಿರ ಮೊದಲೇ ಮಾತಾಗಿದೆಯಂತೆ.