ಯಂತ್ರವಲ್ಲ, ಸೆಟ್ಟಿಂಗ್ ಬದಲಿಸಿ ನೋಡಿ

ಪುಣೆಯಿಂದ ಹುಬ್ಬಳ್ಳಿಗೆ ಹೊರಟಿದ್ದೆವು. ಕೊಲ್ಲಾಪುರದ ಹತ್ತಿರ, ಸ್ಟಿಯರಿಂಗ್ ಹಿಡಿದಿದ್ದ ಹಾಗೇ ನನಗೆ ಕಣ್ಣು ಹತ್ತಿತು. ಪಕ್ಕದಲ್ಲಿದ್ದ ಹೆಂಡತಿ ಕೂಗಿದ್ದರಿಂದ ಬದುಕಿದೆವು. ಆಮೇಲೆ ಮಾಡಿಸಿದ ನಿದ್ರೆಯ ಪರೀಕ್ಷೆಯಲ್ಲಿ ತಿಳಿಯಿತು: ಗಂಟೆಗೆ ಸರಾಸರಿ 34 ಸಲ ನನ್ನ ಉಸಿರು ನಿಲ್ಲುತ್ತಿತ್ತು, ಇಲ್ಲವೇ ಕುಗ್ಗುತ್ತಿತ್ತು. 30 ದಾಟಿದರೆ ಅದು ತೀವ್ರ ಸ್ಲೀಪ್ ಆಪ್ನಿಯಾ.

ಸಿಪ್ಯಾಪ್ ಯಂತ್ರ ಮನೆಗೆ ಬಂತು. ಮೊದಲ ವಾರವೆಲ್ಲ ನಡುರಾತ್ರಿ ಮಾಸ್ಕ್ ಕಿತ್ತೆಸೆದೆ. ಬಾಯಿ ಒಣಗುತ್ತಿತ್ತು, ಉಸಿರು ಬಿಡುವುದೇ ಕಷ್ಟವಾಗುತ್ತಿತ್ತು. ವಾಪಸು ಕೊಡಲು ಹೋದಾಗ ವೈದ್ಯರು, "ಮೊದಲು ಸೆಟ್ಟಿಂಗ್ ನೋಡೋಣ" ಎಂದರು.

ರ‍್ಯಾಂಪ್ ಹಾಕಿದೆವು, ಈಗ ಒತ್ತಡ 4ರಿಂದ ಶುರುವಾಗಿ ನಿಧಾನವಾಗಿ ಏರುತ್ತದೆ. ಉಸಿರು ಬಿಡುವಾಗ ಒತ್ತಡ ತುಸು ಇಳಿಯುವ ಸೌಲಭ್ಯವನ್ನೂ ಆನ್ ಮಾಡಿದೆವು. ಬಾಯಿ ಒಣಗದಿರಲು ಹ್ಯುಮಿಡಿಫೈಯರ್ ಏರಿಸಿದೆ. ಕೊಳವೆಯಲ್ಲಿ ನೀರು ಕಟ್ಟಿ ಮುಖಕ್ಕೆ ಹನಿದಾಗ ಒಂದು ಹಂತ ಇಳಿಸಿದೆ. ಮಾಸ್ಕಿನ ಪಟ್ಟಿಯನ್ನು ಕೂತು ಬಿಗಿಯುವ ಬದಲು, ಮಲಗಿ, ಗಾಳಿ ಬರುತ್ತಿರುವಾಗಲೇ ಸರಿಮಾಡಿಕೊಂಡೆ.

ಕೋಡಿನಲ್ಲಿ ದೋಷ ಹುಡುಕುವ ಹಾಗೆ, ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕೈದು ರಾತ್ರಿ ಕಾದು ಅಂಕಿ ನೋಡುತ್ತಿದ್ದೆ. ಚಿಕಿತ್ಸೆಯ ಒತ್ತಡವನ್ನು ಮಾತ್ರ ನಾನಾಗಿ ಮುಟ್ಟಲಿಲ್ಲ. ಅದು ಹೆಚ್ಚಾದರೆ ಗಾಳಿ ಸೋರುತ್ತದೆ, ಕೆಲವರಲ್ಲಿ ಬೇರೆ ಬಗೆಯ ಆಪ್ನಿಯಾವೇ ಶುರುವಾಗುತ್ತದೆ. ಅದು ವೈದ್ಯರ ಕೆಲಸ.

ಈಗ ನನ್ನ ಅಂಕಿ 3. ಕಳೆದ ತಿಂಗಳು ಮತ್ತೆ ಊರಿಗೆ ಹೋದೆವು. ಕೊಲ್ಲಾಪುರ ದಾಟುವಾಗ ಪಕ್ಕದ ಸೀಟಿನಲ್ಲಿ ಹೆಂಡತಿ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದಳು.