ನೋಟವೂ ಊಟವೂ: ಬೆಂಗಳೂರಿಗೆ ಒಂದು ದಿನದ ಪ್ರವಾಸ

ವರ್ಷವೆಲ್ಲ ಅಟ್ಟದ ಮೇಲೆ ಒಣಗಿದ ಕಾಯಿಯು ಉಂಡೆಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಯನ್ನು ಸೇರಿ, ಹರಾಜು ಮುಗಿದು, ಗೃಹಸ್ಥನ ಕೈಗೆ ನಾಲ್ಕು ಕಾಸು ಬಂದಾಗ, ನಮ್ಮ ಕಲ್ಪತರು ಸೀಮೆಯ ಮನೆಗಳಲ್ಲಿ ಏಳುವ ಮಾತುಗಳಲ್ಲಿ ಬೆಂಗಳೂರಿನ ಪ್ರವಾಸವೂ ಒಂದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಜನರಿಗೆ ಬೆಂಗಳೂರು ಅಪರಿಚಿತವಾದ ಊರಲ್ಲ. ಆದರೆ ನ್ಯಾಯಾಲಯಕ್ಕೆಂದು, ಆಸ್ಪತ್ರೆಗೆಂದು, ಮದುವೆಗೆಂದು ಹೋಗಿ ಬಂದವರು ಹಲವರು. ಊರನ್ನು ನೋಡುವುದಕ್ಕೆಂದೇ ಹೋದವರು ಕೆಲವರು. ಹಾಗೆ ಹೋದವರಲ್ಲಿಯೂ ನಿಜವಾಗಿ ನೋಡಿದವರು ಎಷ್ಟು ಮಂದಿ ಎಂಬುದು ವಿಚಾರಿಸತಕ್ಕ ವಿಷಯ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಮನೆಯ ಯಜಮಾನನು ಹತ್ತು ಸ್ಥಳಗಳ ಪಟ್ಟಿಯನ್ನು ಬರೆಯುವನು. ಗೃಹಿಣಿಯು ರಾತ್ರಿ ಮೂರು ಗಂಟೆಗೆ ಎದ್ದು ಚಿತ್ರಾನ್ನ, ಮೊಸರನ್ನ, ರೊಟ್ಟಿಗಳನ್ನು ಕಟ್ಟುವಳು. ಹಗಲೆಲ್ಲ ಮಕ್ಕಳು ಒಂದು ಕಡೆ, ಗಂಡಸರು ಒಂದು ಕಡೆ ಓಡಾಡುತ್ತಿರಲು, ಆಕೆಯು ಮರದ ನೆರಳಿನಲ್ಲಿ ಬುತ್ತಿಯ ಗಂಟನ್ನು ಕಾಯುತ್ತ ಕುಳಿತಿರುವಳು. ಹೊತ್ತಿಗೆ ಸರಿಯಾಗಿ ಬಡಿಸುವವಳೂ ಆಕೆಯೇ, ಪಾತ್ರೆ ತೊಳೆಯುವವಳೂ ಆಕೆಯೇ. ಬೆಂಗಳೂರಿಗೆ ಹೋಗಿ ಬಂದರೂ ಆಕೆ ಕಂಡದ್ದು ತನ್ನ ಅಡಿಗೆಮನೆಯನ್ನೇ. ಇದು ಪ್ರವಾಸವೆ?

ಆದುದರಿಂದ ನನ್ನ ಮೊದಲನೆಯ ಸೂಚನೆ ಇದು: ಊಟವನ್ನು ಪ್ರವಾಸದ ವಿಘ್ನವೆಂದೆಣಿಸದೆ ಅದರ ಅಂಗವಾಗಿಯೇ ಎಣಿಸಬೇಕು. ಶಿಶುಗಳಿಗೂ ಪಥ್ಯದವರಿಗೂ ಬೇಕಾದಷ್ಟನ್ನು ಮಾತ್ರ ಕಟ್ಟಿಕೊಂಡು, ಉಳಿದವರು ಆ ಊರಿನಲ್ಲಿ ಹೆಸರಾದ ಆಹಾರವನ್ನೇ ಉಣ್ಣಬೇಕು. ಎರಡನೆಯ ಸೂಚನೆ: ಹತ್ತು ಸ್ಥಳಗಳ ಪಟ್ಟಿಯನ್ನು ಹರಿದುಹಾಕಿ, ನಗರದ ಒಂದೇ ಭಾಗವನ್ನು ಆರಿಸಿಕೊಳ್ಳಬೇಕು. ಅನ್ನ ಬೆಂದಿದೆಯೇ ಎಂಬುದನ್ನು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂಬ ಸ್ಥಾಲೀಪುಲಾಕ ನ್ಯಾಯವು ಇಲ್ಲಿಗೂ ಸಲ್ಲುವುದು. ವಿಧಾನಸೌಧ, ಕಬ್ಬನ್ ಉದ್ಯಾನ, ಅರಮನೆಗಳು ಮತ್ತೊಂದು ದಿನಕ್ಕಿರಲಿ.

ಈ ಎರಡು ಸೂಚನೆಗಳಿಗೂ ಒಪ್ಪುವ ಭಾಗವು ಬಸವನಗುಡಿಯಿಂದ ಲಾಲ್‌ಬಾಗಿನವರೆಗಿನ ಪ್ರದೇಶ. ತಿಪಟೂರಿನಿಂದ ಬೆಂಗಳೂರು ಸುಮಾರು ೧೪೦ ಕಿಲೋಮೀಟರ್ ದೂರ. ಚಿಕ್ಕನಾಯಕನಹಳ್ಳಿಯವರು ತಿಪಟೂರಿಗೆ ಬಂದೂ, ತುರುವೇಕೆರೆಯವರು ಬಾಣಸಂದ್ರದಲ್ಲಿ ನಿಲ್ಲುವ ಬಂಡಿಯನ್ನು ವಿಚಾರಿಸಿಕೊಂಡೂ ರೈಲು ಹತ್ತಬಹುದು. ಮುಂಜಾನೆಯ ಬಂಡಿಯಲ್ಲಿ ಹೊರಟು ಬೆಂಗಳೂರಿನ ಮುಖ್ಯ ನಿಲ್ದಾಣದಲ್ಲಿ ಇಳಿದರೆ, ಎದುರಿಗೇ ಮೆಜೆಸ್ಟಿಕ್ಕಿನ ಮೆಟ್ರೋ ನಿಲ್ದಾಣವಿದೆ. ಅಲ್ಲಿಂದ ದಕ್ಷಿಣಕ್ಕೆ ಹೋಗುವ ಹಸಿರು ಮಾರ್ಗವು ೨೦೧೭ರಲ್ಲಿ ತೆರೆಯಿತು. ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆಗಳನ್ನು ದಾಟಿ ನ್ಯಾಷನಲ್ ಕಾಲೇಜಿನ ಬಳಿ ಇಳಿಯತಕ್ಕದ್ದು.

ಅಲ್ಲಿಂದ ಸ್ವಲ್ಪ ನಡೆದರೆ ಗಾಂಧಿಬಜಾರು. ಹೂವು, ಹಣ್ಣು, ಪೂಜಾಸಾಮಗ್ರಿಗಳ ಈ ಬೀದಿಯಲ್ಲಿಯೇ ೧೯೪೩ರಲ್ಲಿ ಆರಂಭವಾದ ವಿದ್ಯಾರ್ಥಿಭವನವಿರುವುದು. ಸುತ್ತಲಿನ ಶಾಲಾಕಾಲೇಜುಗಳ ಹುಡುಗರಿಗಾಗಿ ಹುಟ್ಟಿದ್ದರಿಂದ ಆ ಹೆಸರು. ಇಲ್ಲಿಯ ದೋಸೆ ಹೊರಗೆ ಗರಿಗರಿ, ಒಳಗೆ ಮೃದು. ಕಾಯಬೇಕಾಗುವುದುಂಟು, ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಹಾಕುವುದೂ ಉಂಟು. ಆದ್ದರಿಂದ ಬೆಳಗಿನ ಫಲಾಹಾರವನ್ನು ಇಲ್ಲಿಯೇ ಮುಗಿಸುವುದು ಲೇಸು.

ಹೊಟ್ಟೆ ತಣಿದ ಮೇಲೆ ದೇವರ ದರ್ಶನ. ದೇವಾಲಯಗಳು ಮಧ್ಯಾಹ್ನ ಮುಚ್ಚುವುದರಿಂದ ಇದಕ್ಕೂ ಬೆಳಗೇ ತಕ್ಕ ಕಾಲ. ದೊಡ್ಡ ಬಸವನು ಒಂದೇ ಕಲ್ಲಿನಲ್ಲಿ ಕಡೆದವನು. ಸುಮಾರು ೧೫ ಅಡಿ ಎತ್ತರ, ೨೦ ಅಡಿ ಉದ್ದ. ಗುಡಿಯನ್ನು ಕಟ್ಟಿಸಿದವನು ೧೫೩೭ರಲ್ಲಿ ಬೆಂಗಳೂರನ್ನು ಸ್ಥಾಪಿಸಿದ ಕೆಂಪೇಗೌಡನೆಂದು ಪ್ರತೀತಿ. ಪಕ್ಕದಲ್ಲಿಯೇ ದೊಡ್ಡ ಗಣಪತಿ. ಅದರ ಬಳಿ ಮಕ್ಕಳು ಹತ್ತಿ ಇಳಿಯಲು ಕಹಳೆಬಂಡೆ. ಕಾರ್ತಿಕದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ ನಡೆಯುವುದು. ಬೆಳೆಯನ್ನು ಮೇಯುತ್ತಿದ್ದ ಬಸವನನ್ನು ಒಲಿಸಿಕೊಳ್ಳಲು ರೈತರು ಮೊದಲ ಫಸಲನ್ನು ಒಪ್ಪಿಸುವ ಹರಕೆ ಹೊತ್ತರೆಂಬುದು ಕಥೆ. ಕಡಲೆಕಾಯಿಯಾದರೋ ದಕ್ಷಿಣ ಅಮೆರಿಕದಿಂದ ಸಮುದ್ರ ದಾಟಿ ಬಂದ ಗಿಡ. ಪರದೇಶದ ಬೆಳೆಯೂ ನಮ್ಮ ದೇವರಿಗೆ ನೈವೇದ್ಯವಾದ ಬಗೆಯನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ.

ಇಲ್ಲಿಂದ ಆಟೋ ಹಿಡಿದು ಊಟಕ್ಕೆ ಮಾವಳ್ಳಿಗೆ ಹೋಗತಕ್ಕದ್ದು. ಲಾಲ್‌ಬಾಗಿನ ಮುಖ್ಯದ್ವಾರಕ್ಕೆ ಸಮೀಪದಲ್ಲಿರುವ ಮಾವಳ್ಳಿ ಟಿಫಿನ್ ರೂಮ್ಸ್ ೧೯೨೪ರಲ್ಲಿ ಮೈಯ ಸೋದರರಿಂದ ಆರಂಭವಾದುದು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ದುರ್ಲಭವಾದಾಗ ರವೆಯಲ್ಲಿ ಇಡ್ಲಿ ಮಾಡಿದವರು ತಾವೇ ಎಂದು ಆ ಸಂಸ್ಥೆಯವರು ಹೇಳುತ್ತಾರೆ. ಅಭಾವದಲ್ಲಿ ಹುಟ್ಟಿದ ತಿನಿಸು ಸಮೃದ್ಧಿಯ ಕಾಲದಲ್ಲಿಯೂ ಉಳಿದುಕೊಂಡಿದೆ.

“ನಮ್ಮ ತೆಂಗಿನಕಾಯಿಯ ಚಟ್ನಿಯನ್ನು ನಾವೇ ದುಡ್ಡು ಕೊಟ್ಟು ತಿನ್ನುವುದೆ?” ಎಂದು ನಮ್ಮ ಸೀಮೆಯ ಹಿರಿಯರು ಕೇಳಬಹುದು. ತಕ್ಕ ಪ್ರಶ್ನೆಯೇ. ಆದರೆ ಈ ಎರಡು ಮನೆಗಳನ್ನೂ ಕಟ್ಟಿದವರು ಉಡುಪಿಯ ಕಡೆಯಿಂದ ಬಂದವರು. ತೆಂಗು ಅವರಿಗೂ ಮನೆಯ ಮರವೇ. ಅದೇ ಕಾಯಿ ಕರಾವಳಿಯವರ ಕೈಯಲ್ಲಿ ಬೇರೊಂದು ಹದವನ್ನು ಪಡೆಯುವುದು. ಬೆಂಗಳೂರಿನ ರುಚಿಯೆಂದು ನಾವು ಹೊಗಳುವುದು ಬಹುಮಟ್ಟಿಗೆ ಹೀಗೆ ಹೊರಗಿನಿಂದ ಬಂದು ನೆಲೆಸಿದವರ ಕೈರುಚಿ. ಊರೂರಿನವರು ಬಂದು ಬೆರೆತ ನಗರವಿದು ಎಂಬುದನ್ನು ಗೋಪುರಗಳಿಗಿಂತ ಸ್ಪಷ್ಟವಾಗಿ ಎಲೆಯ ಮೇಲಿನ ಪದಾರ್ಥಗಳೇ ಹೇಳುವುವು.

ಊಟವಾದ ಮೇಲೆ ಬಿಸಿಲಿನ ಹೊತ್ತನ್ನು ಲಾಲ್‌ಬಾಗಿನ ನೆರಳಿನಲ್ಲಿ ಕಳೆಯಬಹುದು. ಹೈದರಾಲಿಯು ೧೭೬೦ರಲ್ಲಿ ಆರಂಭಿಸಿದ ಈ ತೋಟವು ಈಗ ಸುಮಾರು ೨೪೦ ಎಕರೆ. ಗಾಜಿನ ಮನೆಗೆ ೧೮೮೯ರಲ್ಲಿ ಅಸ್ತಿಭಾರ ಹಾಕಲಾಯಿತು. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಫಲಪುಷ್ಪ ಪ್ರದರ್ಶನ ನಡೆಯುವುದು ಇಲ್ಲಿಯೇ. ಕೆಂಪೇಗೌಡನ ಗೋಪುರವಿರುವ ಬಂಡೆಯು ಸುಮಾರು ೩೦೦ ಕೋಟಿ ವರ್ಷಗಳಷ್ಟು ಪ್ರಾಚೀನವೆಂದು ಭೂವಿಜ್ಞಾನಿಗಳ ಮತ. ನಡೆಯಲಾರದ ವೃದ್ಧರು ಅಲ್ಲಿಯೇ ಕುಳಿತು ಗಾಳಿ ಸೇವಿಸಲಿ. ಸಂಜೆ ಪಶ್ಚಿಮದ್ವಾರದಿಂದ ಹೊರಟರೆ ಲಾಲ್‌ಬಾಗ್ ಮೆಟ್ರೋ ನಿಲ್ದಾಣವು ಹತ್ತಿರ. ಅದೇ ಹಸಿರು ಮಾರ್ಗದಲ್ಲಿ ಮರಳಿ ರೈಲನ್ನು ಸೇರಬಹುದು.

ದಿನವನ್ನು ಆರಿಸುವಾಗ ಎಚ್ಚರವಿರಲಿ. ಮಾವಳ್ಳಿಯವರಿಗೆ ಸೋಮವಾರ, ವಿದ್ಯಾರ್ಥಿಭವನಕ್ಕೆ ಶುಕ್ರವಾರ ರಜೆ. ಶನಿವಾರ, ಭಾನುವಾರಗಳಲ್ಲಿ ಜನಸಂದಣಿ ಹೆಚ್ಚು. ಮಂಗಳವಾರ, ಬುಧವಾರ, ಗುರುವಾರಗಳೇ ಉತ್ತಮ. ಪರಿಷೆಯ ಸೋಮವಾರವೇ ಹೋಗುವವರು ಮಾವಳ್ಳಿಯ ಊಟದ ಆಸೆಯನ್ನು ಬಿಟ್ಟು ಹುರಿದ ಕಡಲೆಕಾಯಿಯಿಂದ ತೃಪ್ತರಾಗಬೇಕು. ಕುಟುಂಬದವರೆಲ್ಲ ಎಲ್ಲವನ್ನೂ ತರಿಸದೆ ಹಂಚಿಕೊಂಡು ತಿಂದರೆ ಖರ್ಚೂ ಕಡಿಮೆ, ಅಜೀರ್ಣದ ಭಯವೂ ಇಲ್ಲ.

ಕೊನೆಯದಾಗಿ ಒಂದು ಮಾತು. ಹೊರಡುವ ಮುಂಚೆ ಏನನ್ನು ನೋಡಬೇಕೆಂದು ಮನೆಯ ಗೃಹಿಣಿಯನ್ನು ಮೊದಲು ಕೇಳಿರಿ. ಆಕೆ ಹೇಳಿದ ಸ್ಥಳಕ್ಕೆ ಹೆಚ್ಚು ಹೊತ್ತು ಮೀಸಲಿಡಿರಿ. ರಾತ್ರಿ ಮನೆ ಸೇರಿದೊಡನೆ ಆಕೆ ಒಲೆ ಹಚ್ಚಬೇಕಾದರೆ ಹಗಲಿನ ವಿಶ್ರಾಂತಿಯೆಲ್ಲ ವ್ಯರ್ಥವಾಗುವುದು. ಅವಲಕ್ಕಿ, ಮೊಸರು, ಒಂದಿಷ್ಟು ಕಾಯಿತುರಿಯನ್ನು ಅಣಿಮಾಡಿಟ್ಟು ಅಂದು ಗಂಡಸರೇ ಕಲಸಿ ಬಡಿಸಲಿ. ಅವಲಕ್ಕಿ ಕಲಸುವುದಕ್ಕೆ ಯಾವ ಶಾಸ್ತ್ರಜ್ಞಾನವೂ ಬೇಕಾಗಿಲ್ಲ.